ನುಂಗುವ ಊರಿನಲ್ಲಿ ಅಗಿದು ಉಣ್ಣುವುದು

ನಾಲೆಗೆ ವಾಹನ ಉರುಳಿದ ಸುದ್ದಿ ಬರೆಯಲು ನನಗೆ ಯೋಚನೆ ಬೇಕಾಗುವುದಿಲ್ಲ. ‘ಚಾಲಕನ ನಿಯಂತ್ರಣ ತಪ್ಪಿ’ ಎಂದು ಶುರುವಾಗುತ್ತದೆ. ಎಲ್ಲಿ, ಯಾರು, ಯಾವ ಊರಿನವರು ಎಂದು ಮುಂದುವರಿದು, ಪೊಲೀಸರು ಪ್ರಕರಣ ದಾಖಲಿಸಿಕೊಂಡಿದ್ದಾರೆ ಎಂದು ಮುಗಿಯುತ್ತದೆ. ಪಾಂಡವಪುರದಲ್ಲಿ ಕೂತು ಸುತ್ತಲಿನ ನಾಲ್ಕು ತಾಲ್ಲೂಕಿನ ಸುದ್ದಿ ಕಳಿಸುವ ನಾನು ಈ ವಾಕ್ಯವನ್ನು ಎಷ್ಟು ಸಲ ಬರೆದಿದ್ದೇನೆಂದರೆ, ಪುಟ ಕಟ್ಟುವವರು ಅದನ್ನು ಓದದೆಯೇ ಹಾಕುತ್ತಾರೆ. ನಿಯಂತ್ರಣ ಏಕೆ ತಪ್ಪಿತು ಎಂಬುದು ಆ ವಾಕ್ಯದಲ್ಲಿ ಇರುವುದಿಲ್ಲ.

ಒಂದು ಮಧ್ಯಾಹ್ನ ತೊಣ್ಣೂರಿನಲ್ಲಿ ರೈತರ ಸಭೆ ಮುಗಿಸಿ ಬೈಕಿನಲ್ಲಿ ವಾಪಸು ಬರುತ್ತಿದ್ದೆ. ನಾಲೆ ಏರಿಯ ದಾರಿ. ಬಿಸಿಲಿತ್ತು, ದಾರಿ ಖಾಲಿಯಿತ್ತು. ಕಣ್ಣು ಬಿಟ್ಟಾಗ ಬೈಕಿನ ಮುಂದಿನ ಚಕ್ರ ಏರಿಯಂಚಿನ ಕಲ್ಲಿಗೆ ಒರಗಿ ನಿಂತಿತ್ತು, ಇಂಜಿನ್ ಆಫ್ ಆಗಿತ್ತು, ಕಲ್ಲಿನಾಚೆ ಕೆಂಪು ನೀರು ತುಂಬಿ ಹರಿಯುತ್ತಿತ್ತು. ಬಿದ್ದಿರಲಿಲ್ಲ, ಗಾಯವಿರಲಿಲ್ಲ. ‘ಕಣ್ಣು ಬಿಟ್ಟಾಗ’ ಎಂದು ಈಗ ಬರೆಯುತ್ತಿದ್ದೇನೆ. ಅದಕ್ಕೆ ಮೊದಲು ಕಣ್ಣು ಮುಚ್ಚಿದ್ದು ನನಗೆ ಗೊತ್ತೇ ಇರಲಿಲ್ಲ.

ಆಗ ನನ್ನ ತೂಕ ನೂರ ಮೂವತ್ತು ಕಿಲೋ ದಾಟಿತ್ತು. ಸಕ್ಕರೆ ಕಾಯಿಲೆಯ ಮಾತ್ರೆ ಎರಡು ಸಲ ಬದಲಾಗಿತ್ತು. ಪತ್ರಿಕಾಗೋಷ್ಠಿಗಳಲ್ಲಿ ತೂಕಡಿಸುವುದನ್ನು ಬೇರೆ ವರದಿಗಾರರು ತಮಾಷೆ ಮಾಡುತ್ತಿದ್ದರು, ನಾನೂ ನಗುತ್ತಿದ್ದೆ. ಕಲ್ಲಿಗೆ ಒರಗಿದ ಚಕ್ರವನ್ನು ನೋಡಿದ ಮೇಲೆ ನಗು ಬರಲಿಲ್ಲ. ಮೈಸೂರಿನ ವೈದ್ಯರೊಬ್ಬರು ತಲೆಗೆ, ಎದೆಗೆ ವೈರು ಅಂಟಿಸಿ ಮಲಗಿಸಿ ನೋಡುವ ಪರೀಕ್ಷೆ ಮಾಡಿಸಿದರು. ನಿದ್ದೆಯಲ್ಲಿ ಗಂಟಲಿನ ಕೊಬ್ಬು ಉಸಿರಿನ ದಾರಿಯನ್ನು ಮುಚ್ಚುತ್ತದೆ, ಉಸಿರು ನಿಲ್ಲುತ್ತದೆ, ಮೆದುಳು ಗಾಬರಿಯಾಗಿ ಎಬ್ಬಿಸುತ್ತದೆ, ಮತ್ತೆ ನಿದ್ದೆ, ಮತ್ತೆ ಅದೇ. ಬೆಳಗಾಗುವವರೆಗೆ ಹೀಗೇ ನಡೆಯುತ್ತದೆ ಎಂದರು. ಹಾಸಿಗೆಯಲ್ಲಿ ಆಗದ ನಿದ್ದೆಯನ್ನು ದೇಹ ರಸ್ತೆಯಲ್ಲಿ ತೀರಿಸಿಕೊಳ್ಳುತ್ತಿತ್ತು.

ಮೂಗಿಗೆ ಕಟ್ಟಿಕೊಂಡು ಮಲಗುವ ಗಾಳಿಯಂತ್ರವೊಂದನ್ನು ಕೊಟ್ಟರು. ಅದರ ಕೊಳವೆಯನ್ನು ಕಂಡ ನಮ್ಮವ್ವ, “ಅದೇನ್ಲಾ ಮಗಾ, ಆನೆ ಸೊಂಡ್ಲು ಇದ್ದಂಗದೆ” ಅಂದಳು. ಸ್ವಲ್ಪ ಅನುಕೂಲವಾಯಿತು. ಕರೆಂಟು ಹೋದಾಗ ಯಂತ್ರ ನಿಲ್ಲುತ್ತಿತ್ತು, ನಾನು ಉಸಿರು ಕಟ್ಟಿ ಏಳುತ್ತಿದ್ದೆ. ಯಂತ್ರ ಬೇಕು, ಅದಕ್ಕಿಂತ ಮುಖ್ಯವಾಗಿ ತೂಕ ಇಳಿಯಬೇಕು ಎಂದು ವೈದ್ಯರು ಹೇಳಿದರು. ಅದನ್ನು ನಾನು ವರ್ಷಗಳಿಂದ ಪ್ರಯತ್ನಿಸಿದ್ದೆ. ಇಳಿದಿತ್ತು, ಮತ್ತೆ ಏರಿತ್ತು. ಅವರು ಒಬ್ಬ ಶಸ್ತ್ರವೈದ್ಯರ ಬಳಿ ಕಳಿಸಿದರು.

ಶಸ್ತ್ರವೈದ್ಯರು ಕಾಗದದ ಮೇಲೆ ಜಠರದ ಚಿತ್ರ ಬರೆದು, ಉದ್ದಕ್ಕೂ ಒಂದು ಗೆರೆ ಎಳೆದರು. ಗೆರೆಯ ಒಂದು ಬದಿ, ಹೆಚ್ಚಿನ ಭಾಗ, ಹೊರಗೆ ಬರುತ್ತದೆ. ಉಳಿಯುವುದು ಬಾಳೆಕಾಯಿಯಷ್ಟು ಕಿರಿದಾದ ಒಂದು ಕೊಳವೆ. ಕತ್ತರಿಸಿದ ಅಂಚನ್ನು ಸಣ್ಣ ಸಣ್ಣ ಪಿನ್ನು ಹೊಡೆದು ಮುಚ್ಚುತ್ತಾರೆ. ಆ ಅಂಚು ಸೋರಬಹುದು, ರಕ್ತ ಹೆಪ್ಪುಗಟ್ಟಬಹುದು, ಅರಿವಳಿಕೆಯಲ್ಲಿ ನನ್ನಂಥವರಿಗೆ ಉಸಿರಿನ ತೊಂದರೆ ಆಗಬಹುದು. ಎಲ್ಲವೂ ಅಪರೂಪ, ಯಾವುದೂ ಅಸಾಧ್ಯವಲ್ಲ ಎಂದರು.

“ಬೇಡ ಅನ್ನಿಸಿದರೆ ಆಮೇಲೆ ಸರಿ ಮಾಡಬಹುದಾ?” ಎಂದು ಕೇಳಿದೆ.

“ಇಲ್ಲ. ತೆಗೆದದ್ದನ್ನ ಮತ್ತೆ ಹಾಕೋಕಾಗಲ್ಲ. ಅದಕ್ಕೇ ನಿಧಾನವಾಗಿ ಯೋಚನೆ ಮಾಡಿ ಅನ್ನೋದು.”

ನನಗೆ ಗೊತ್ತಿರುವ ಯೋಚನೆಯ ಕ್ರಮ ಒಂದೇ. ಎರಡೂ ಕಡೆಯವರನ್ನು ಕೇಳುವುದು. ವೈದ್ಯರು ತಮ್ಮ ಕೆಲಸವನ್ನು ಒಳ್ಳೆಯದೆಂದೇ ಹೇಳುತ್ತಾರೆ. ಮಾಡಿಸಿಕೊಂಡವರನ್ನು ನಾನೇ ಹುಡುಕಿದೆ.

ನಾಗಮಂಗಲದಲ್ಲಿ ಒಬ್ಬ ಪ್ರೌಢಶಾಲಾ ಶಿಕ್ಷಕಿ ಸಿಕ್ಕರು. ಬಾಗಿಲಲ್ಲೇ, “ಬನ್ನಿ ಸಾರ್, ನನ್ನ ನೋಡಿ ಎದರ್ಕಬ್ಯಾಡಿ” ಎಂದು ನಕ್ಕರು. ಶಸ್ತ್ರಚಿಕಿತ್ಸೆಯಿಂದ ಇಳಿದಿದ್ದ ತೂಕದ ಮುಕ್ಕಾಲು ಪಾಲು ಅವರಿಗೆ ಮರಳಿ ಬಂದಿತ್ತು.

“ಮೊದಲ್ನೇ ವರ್ಸ ಎಲ್ಲಾ ಕರಗೋಯ್ತು. ನನ್ ತಂಗಿ ಮದ್ವೇಲಿ ನೆಂಟ್ರು ಗುರ್ತೇ ಹಿಡೀನಿಲ್ಲ. ಊಟಕ್ಕೆ ಕೂತ್ರೆ ನಾಕು ತುತ್ತಿಗೆ ಸಾಕಾಗೋದು. ಆದ್ರೆ ಈ ನಿಪ್ಪಟ್ಟು, ಖಾರ, ಬಿಸ್ಕೆಟ್ಟು ಅದಾವಲ್ಲ, ಅವು ನಿಧಾನಕ್ಕೆ ಒಳಗೆ ಹೋಯ್ತಾನೇ ಇರ್ತವೆ. ಒಟ್ಟೆಗೆ ಕತ್ರಿ ಹಾಕ್ತಾರೆ ಸಾರ್. ಸ್ಟಾಫ್‌ರೂಮಿಗೆ ಹಾಕಕಾಯ್ತದಾ?”

“ಮಾಡಿಸಿಕೊಂಡಿದ್ದಕ್ಕೆ ಪಶ್ಚಾತ್ತಾಪ ಇದೆಯಾ?”

“ಇಲ್ಲ. ಶುಗರ್ ಇನ್ನೂ ಕಂಟ್ರೋಲಲ್ಲದೆ. ಆದ್ರೆ ಆಪ್ರೇಸನ್ ಆಯ್ತು, ಕೆಲ್ಸ ಮುಗೀತು ಅಂದ್ಕಂಡೆ ನೋಡಿ, ಅದು ತಪ್ಪು.”

ಎರಡನೆಯ ಮನೆ ಶ್ರೀರಂಗಪಟ್ಟಣದಲ್ಲಿತ್ತು. ಅಲ್ಲಿ ಮಾತಾಡಲು ಶಸ್ತ್ರಚಿಕಿತ್ಸೆ ಆದವರು ಇರಲಿಲ್ಲ. ಅವರು ಚಿನ್ನದ ಕೆಲಸ ಮಾಡುತ್ತಿದ್ದರು, ಮನೆಗೆ ಬಂದ ಕೆಲವೇ ದಿನಗಳಲ್ಲಿ ತೀರಿಕೊಂಡಿದ್ದರು. ಊರಲ್ಲಿ ‘ಹೊಟ್ಟೆ ಕುಯ್ಸ್ಕಂಡು ಸತ್ತ’ ಎಂದು ಸುದ್ದಿಯಾಗಿತ್ತು. ಅವ್ವನ ಕಿವಿಗೂ ಬಿದ್ದು, ನನ್ನ ಆಲೋಚನೆಯನ್ನು ವಿರೋಧಿಸಲು ಅವಳಿಗೆ ಅದೇ ಆಧಾರವಾಗಿತ್ತು. ತೀರಿಕೊಂಡವರ ಪತ್ನಿ ನನ್ನನ್ನು ಕೂರಿಸಿ, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು.

“ಡಾಕ್ಟ್ರು ಓಡಾಡಿ, ಓಡಾಡಿ ಅಂತ ಸಾರಿ ಸಾರಿ ಏಳಿದ್ರು. ಒಟ್ಟೆ ಕುಯ್ದವ್ರೆ, ಓಡಾಡು ಅಂತಾವ್ರಲ್ಲ, ಇವ್ರಿಗೇನು ಅಂತಃಕರಣ ಇಲ್ವಾ ಅಂದ್ಕಂಡೊ ನಾವು. ನಾನು, ನಮ್ಮತ್ತೆ ಸೇರ್ಕಂಡು ಮಂಚ ಇಳಿಯಕ್ಕೆ ಬುಡ್ನಿಲ್ಲ. ಸೀತ ಆಯ್ತದೆ ಅಂತ ನೀರೂ ಕಮ್ಮಿ ಮಾಡುದ್ವಿ. ಬಾಣಂತಿ ನೋಡ್ಕಂಡಂಗೆ ನೋಡ್ಕಂಡೊ ಸಾರ್. ಕಾಲಲ್ಲಿ ರಕ್ತ ಎಪ್ಪುಗಟ್ಟಿ ಶ್ವಾಸಕೋಶಕ್ಕೆ ಓಯ್ತಂತೆ.”

ಹೊರಡುವಾಗ ನಾನು ಕೇಳಬಾರದ ಪ್ರಶ್ನೆ ಕೇಳಿದೆ. ನಾನು ಮಾಡಿಸಿಕೊಳ್ಳಬಹುದೇ ಎಂದು.

“ಅದ ನನ್ ಕೇಳ್ತೀರಲ್ಲ,” ಎಂದರು. ಗೇಟಿನ ತನಕ ಬಂದು, “ಮಾಡುಸ್ಕಂಡ್ರೆ, ಯಾರು ಏನೇ ಅಂದ್ರೂ ಎದ್ದು ಓಡಾಡಿ” ಎಂದರು.

ಎರಡೂ ಕಡೆಯವರನ್ನು ಕೇಳಿದ ಮೇಲೆ ವರದಿ ಬರೆಯಬಹುದು. ತೀರ್ಮಾನ ಮಾಡಲು ಅಷ್ಟು ಸಾಲಲಿಲ್ಲ. ನಾಲೆಯಲ್ಲಿ ಸಾಯುವ ಭಯ ಒಂದು ಕಡೆ, ಮೇಜಿನ ಮೇಲೆ ಸಾಯುವ ಭಯ ಇನ್ನೊಂದು ಕಡೆ. ಮೊದಲನೆಯದಕ್ಕೆ ದಿನ ಗೊತ್ತಿಲ್ಲ, ಎರಡನೆಯದಕ್ಕೆ ನಾನೇ ದಿನ ಗೊತ್ತು ಮಾಡಬೇಕು. ಮಳೆಗಾಲ ಕಳೆಯಿತು, ನಾನು ಶಸ್ತ್ರವೈದ್ಯರಿಗೆ ಫೋನು ಮಾಡಲಿಲ್ಲ.

ನನ್ನ ಹೆಂಡತಿ ನಮ್ಮೂರಿನ ಹಾಲಿನ ಡೇರಿಯ ಕಾರ್ಯದರ್ಶಿ. ಮನೆಯಲ್ಲಿ ಕಡಿಮೆ ಮಾತಿನವಳು. ಆದರೆ ಆ ವರ್ಷ ಬೈಕು ಹತ್ತಿದರೆ ಸಾಕು, ಇಳಿಯುವವರೆಗೆ ಬಾಯಿ ನಿಲ್ಲುತ್ತಿರಲಿಲ್ಲ. ಯಾರ ಹಾಲಿನಲ್ಲಿ ಫ್ಯಾಟು ಎಷ್ಟು ಬಂತು, ಯಾರು ಕ್ಯಾನಿಗೆ ನೀರು ಸುರಿದು ಆಣೆ ಇಟ್ಟರು, ಯಾರ ಎಮ್ಮೆ ಯಾರ ಹೊಲಕ್ಕೆ ನುಗ್ಗಿತು. ನಡುನಡುವೆ ನನ್ನ ಪಕ್ಕೆ ಚಿವುಟಿ, “ಕೇಳುಸ್ಕಂತಾ ಇದೀರಾ?” ಅನ್ನುವಳು. ವಯಸ್ಸಾದಂತೆ ಮಾತು ಹೆಚ್ಚಾಗಿದೆ ಎಂದುಕೊಂಡಿದ್ದೆ.

ಒಂದು ದಿನ ಅವಳಿಗೆ ಗಂಟಲು ಕಟ್ಟಿತ್ತು. ಕೆ.ಆರ್. ಪೇಟೆ ತಾಲ್ಲೂಕಿನಲ್ಲಿರುವ ಅವಳ ತವರಿಗೆ ಹೊರಟಿದ್ದೆವು. ಅವಳು ಬೈಕು ಹತ್ತದೆ, ಬಸ್ಸಿಗೆ ಹೋಗೋಣ ಎಂದಳು. ಬಸ್ಸಿಗೆ ಕಾಯುವುದು ಯಾರು ಎಂದು ರೇಗಿದೆ.

“ಇವತ್ತು ನಂಗೆ ಮಾತಾಡಕ್ಕೆ ಆಯ್ತಿಲ್ಲ,” ಎಂದಳು ಒಡೆದ ದನಿಯಲ್ಲಿ.

“ಮಾತಾಡು ಅಂತ ಯಾರಂದ್ರು?”

“ನಾ ಮಾತು ನಿಲ್ಸಿದ್ರೆ ನೀವು ತೂಗಾಡಕ್ಕೆ ಸುರು ಮಾಡ್ತೀರ. ಗಾಡಿ ಎಡಕ್ಕೆ ಎಳೀತದೆ. ಇಷ್ಟ್ ದಿನ ಏನಂದ್ಕಂಡಿದ್ರಿ? ಊರ್ನೋರ್ ಎಮ್ಮೆ ಕತೆ ಕಟ್ಕಂಡು ನಂಗೇನಾಗ್ಬೇಕು?”

ಬಸ್ಸಿಗೆ ಹೋದೆವು. ಕಿಟಕಿ ಬದಿಗೆ ಕೂತ ನಾನು ಊರು ದಾಟುವ ಮೊದಲೇ ನಿದ್ದೆಹೋದೆನಂತೆ. ಮರುದಿನ ಶಸ್ತ್ರವೈದ್ಯರಿಗೆ ಫೋನು ಮಾಡಿದೆ.

ಮುಂದಿನದು ಕ್ರಮಬದ್ಧವಾಗಿ ನಡೆಯಿತು. ರಕ್ತ, ಹೃದಯ, ಶ್ವಾಸಕೋಶ, ಬಾಯಿಂದ ಕೊಳವೆ ಇಳಿಸಿ ಜಠರ, ಒಬ್ಬ ಮನೋವೈದ್ಯರೊಡನೆ ಮಾತು. ಯಕೃತ್ತಿನ ಕೊಬ್ಬು ಕರಗಲೆಂದು ಶಸ್ತ್ರಚಿಕಿತ್ಸೆಗೆ ಮುನ್ನ ಎರಡು ವಾರ ಬರೀ ದ್ರವಾಹಾರ. ಅದೇ ಸಮಯದಲ್ಲಿ ಮಾಕವಳ್ಳಿ ಕಡೆ ಕಬ್ಬು ಕಟಾವಿನ ಸುದ್ದಿಗೆ ಹೋಗಿ, ಎಲ್ಲರ ಕೈಯಲ್ಲೂ ಬೋಂಡ ಇರುವಾಗ ನಾನು ಬಾಟಲಿಯಿಂದ ಮಜ್ಜಿಗೆ ಕುಡಿದೆ. ‘ವ್ರತ’ ಎಂದೆ. ನಂಬಿದರು.

ಸುಳ್ಳು ಅಲ್ಲಿಂದ ಶುರುವಾಯಿತು. ಅವ್ವ ಕೊನೆಗೂ ಒಪ್ಪಿದ್ದು ಒಂದೇ ಷರತ್ತಿನ ಮೇಲೆ. “ಯಾರ್ಗೂ ಏಳ್ಬ್ಯಾಡ ಕಣ್ಲಾ. ತಿಂದು ತಿಂದು ಒಟ್ಟೆ ಕುಯ್ಸ್ಕಂಡ ಅಂತ ಆಡ್ಕಂತಾರೆ. ಕೇಳೋಕಾಗಕಿಲ್ಲ ನಂಗೆ.” ನನಗೂ ಅದೇ ಬೇಕಿತ್ತು. ಪತ್ರಿಕೆಯ ಜಿಲ್ಲಾ ಕಚೇರಿಗೆ, ನೆಂಟರಿಗೆ, ಹೆಂಡತಿಯ ತವರಿಗೆ, ಎಲ್ಲರಿಗೂ ಹರ್ನಿಯಾ ಆಪರೇಷನ್ ಎಂದೆವು.

ಆ ಬೆಳಗ್ಗೆ ನನ್ನನ್ನು ಚಕ್ರದ ಮಂಚದಲ್ಲಿ ತಳ್ಳಿಕೊಂಡು ಹೋಗುವಾಗ ಮೇಲಿನ ಟ್ಯೂಬ್‌ಲೈಟುಗಳು ಒಂದೊಂದಾಗಿ ಹಿಂದೆ ಸರಿದವು. ನನ್ನ ಸುದ್ದಿಯನ್ನು ಯಾರು ಬರೆಯುತ್ತಾರೆ, ಯಾವ ಪುಟದಲ್ಲಿ ಬರುತ್ತದೆ ಎಂದು ಯೋಚಿಸಿದ್ದು ನೆನಪಿದೆ. ಒಳಪುಟ, ಒಂದು ಕಾಲಂ. ಮತ್ತೆ ನೆನಪಿರುವುದು ಬಾಯಿ ಒಣಗಿದ್ದು ಮತ್ತು ಒಬ್ಬ ನರ್ಸು ನನ್ನ ಹೆಸರು ಕೂಗುತ್ತಿದ್ದುದು.

ಅದೇ ಸಂಜೆ ಎಬ್ಬಿಸಿ ನಡೆಸಿದರು. ಗೋಡೆ ಹಿಡಿದು, ಸೊಂಟ ಬಗ್ಗಿಸಿ ನಡೆದೆ. ಮನೆಗೆ ಬಂದ ದಿನ ಅವ್ವ ನಡುಮನೆಯಲ್ಲಿ ಹಾಸಿಗೆ ಹಾಸಿ, ಕಿವಿಗೆ ಹತ್ತಿ, ತಲೆಗೆ ಮಫ್ಲರು ಎಲ್ಲ ಸಿದ್ಧ ಮಾಡಿದ್ದಳು. “ಮನೀಕೊ. ಅಲ್ಲಾಡ್ಬ್ಯಾಡ” ಎಂದಳು. ನಾನು ಶ್ರೀರಂಗಪಟ್ಟಣದ ಆ ಮನೆಯ ವಿಷಯವನ್ನು ಅವಳಿಗೆ ಪೂರ್ತಿ ಹೇಳಿದೆ. ಅವಳು ಮಫ್ಲರು ಮಡಿಸಿ ಒಳಗಿಟ್ಟಳು. ಆಮೇಲೆ ಹಟ್ಟಿಯ ಅಂಗಳದಲ್ಲಿ ನನ್ನ ಹಿಂದೆಯೇ ತಾನೂ ನಡೆದಳು, ನಿಂತರೆ “ನಡೀಲಾ” ಎಂದು ಗದರುತ್ತ.

ಸಣ್ಣ ಲೋಟದ ನೀರು ಮುಗಿಯಲು ಒಂದು ಬೆಳಗು ಬೇಕಾಗುತ್ತಿತ್ತು. ಗುಟುಕು ಕುಡಿದು ಕಾಯಬೇಕು. ಆತುರಪಟ್ಟರೆ ಎದೆಯ ನಡುವೆ ಮುಷ್ಟಿ ಒತ್ತಿದಂತಾಗುತ್ತಿತ್ತು. ಜ್ವರ, ಏರಿದ ನಾಡಿ, ಎಡಭುಜದ ನೋವು ಇವು ಸೋರಿಕೆಯ ಲಕ್ಷಣ ಎಂದಿದ್ದರಿಂದ ದಿನವಿಡೀ ಮಣಿಕಟ್ಟು ಹಿಡಿದು ಕೂರುತ್ತಿದ್ದೆ. ಹಿಡಿದಷ್ಟೂ ನಾಡಿ ಏರುತ್ತಿತ್ತು. ದ್ರವ ಹೋಗಿ ಗಂಜಿ ಬಂತು, ಗಂಜಿ ಹೋಗಿ ಮೆತ್ತನೆಯ ಊಟ ಬಂತು. ಕೂದಲು ಉದುರಿತು, ಆಮೇಲೆ ಉದುರುವುದು ನಿಂತಿತು. ತೂಕ ಇಳಿಯಿತು. ಗೊರಕೆ ಕಡಿಮೆಯಾಯಿತು. ಆದರೆ ಗೊರಕೆ ನಿಂತರೆ ಹೆಂಡತಿಗೆ ಗಾಬರಿ. ನನ್ನ ಮೂಗಿನ ಬಳಿ ಬೆರಳು ಹಿಡಿದು ನೋಡಿ ಮಲಗುತ್ತಿದ್ದಳು.

ಬೈಕಿನಲ್ಲಿ ಅವಳ ಮಾತು ಮಾತ್ರ ನಿಲ್ಲಲಿಲ್ಲ. ನನಗೆ ಹಗಲು ನಿದ್ದೆ ಬರುತ್ತಿಲ್ಲ ಎಂದರೂ ಅವಳು ನಂಬಲಿಲ್ಲ. ನನಗೂ ಪೂರ್ತಿ ನಂಬಿಕೆ ಇರಲಿಲ್ಲ. ನಾಲೆಯ ಏರಿ ಬಂದರೆ ಕಣ್ಣನ್ನು ಅಗಲಿಸಿ ಹಿಡಿಯುತ್ತಿದ್ದೆ.

ಆಸ್ಪತ್ರೆಯ ಆಹಾರತಜ್ಞೆ, ಕರಾವಳಿ ಕಡೆಯ ಯುವತಿ, ಮೊದಲ ದಿನದಿಂದ ಹೇಳಿದ್ದು ಒಂದೇ ಮಾತು: “ಯಾವುದೇ ತುತ್ತನ್ನು ಬಾಯಲ್ಲೇ ಗಂಜಿ ಆಗುವವರೆಗೆ ಅಗಿಯಬೇಕು. ಇನ್ನು ಮೇಲೆ ನಿಮ್ಮ ಹೊಟ್ಟೆಯ ಅರ್ಧ ಕೆಲಸ ಹಲ್ಲಿನದು.” ನಾನು ಪಾಲಿಸಿದೆ. ಅನ್ನ ಅಗಿದೆ, ಮೊಟ್ಟೆ ಅಗಿದೆ, ಮೀನು ಅಗಿದೆ. ರಾಗಿಯನ್ನು ಅವ್ವ ಅಂಬಲಿ ಮಾಡಿ ಕೊಡುತ್ತಿದ್ದಳು. ಮುದ್ದೆಯ ಪ್ರಶ್ನೆಯನ್ನು ನಾನು ಆ ಯುವತಿಯ ಮುಂದೆ ಎತ್ತಲೇ ಇಲ್ಲ. ನಮ್ಮಲ್ಲಿ ಮುದ್ದೆಗೆ ಹಲ್ಲು ತಾಗಿಸುವುದಿಲ್ಲ. ಮುರಿದು, ಸಾರಿನಲ್ಲಿ ಅದ್ದಿ, ನುಂಗುವುದು. ಅಗಿದರೆ ಹಲ್ಲಿಗೆ ಮೆತ್ತಿಕೊಳ್ಳುತ್ತದೆ, ಜೊತೆಗೆ ಕೂತವರು ನಗುತ್ತಾರೆ. ಎಳೆ ಮಕ್ಕಳಿಗೆ ಮೊದಲು ಕಲಿಸುವ ವಿದ್ಯೆ ಅದು.

ಹೆಂಡತಿಯ ತಮ್ಮನಿಗೆ ಹೆಣ್ಣು ಸಿಗುವುದು ತಡವಾಗಿತ್ತು. ನೆಲ ಇತ್ತು, ಹಸುಗಳಿದ್ದವು, ಆದರೂ ಹಳ್ಳಿಯಲ್ಲಿರುವ ಗಂಡು ಎಂದು ಕೇಳಿದವರೆಲ್ಲ ಹಿಂದೆ ಸರಿದಿದ್ದರು. ಕೊನೆಗೆ ನಾಗಮಂಗಲ ತಾಲ್ಲೂಕಿನಿಂದ ಸಂಬಂಧ ಕೂಡಿಬಂತು. ಮದುವೆಯಾದ ಮೇಲೆ ಹೆಣ್ಣಿನ ಕಡೆಯವರಿಗೆ ಮಾವ ತಮ್ಮ ಊರಿನಲ್ಲಿ ಬೀಗರೂಟ ಇಟ್ಟುಕೊಂಡರು. ಅಂದರೆ ಮಾಂಸದೂಟ. ಅದು ಹೇಗಾಯಿತು ಎಂಬುದರ ಮೇಲೆ ಮನೆಯ ಮರ್ಯಾದೆ ನಿಂತಿರುತ್ತದೆ. ಅದಾಗುವ ಹೊತ್ತಿಗೆ ನನ್ನ ಶಸ್ತ್ರಚಿಕಿತ್ಸೆಗೆ ಎಂಟು ತಿಂಗಳಾಗಿತ್ತು.

ಪೆಂಡಾಲಿನಲ್ಲಿ ಮಾವ ಕೈಹಿಡಿದು ಮೊದಲ ಸಾಲಿನಲ್ಲಿ ಕೂರಿಸಿದರು. ಎಲೆಗೆ ಮುದ್ದೆ ಬಂತು. ನಾನು ಬೇಡವೆಂದು ಕೈ ಅಡ್ಡ ಹಿಡಿದೆ.

“ಏನಳಿಯಂದ್ರೆ, ಅರ್ನಿಯ ಆದ್ರೆ ಮುದ್ದೆ ಬುಡ್ತಾರಾ? ಅರ್ಧ ಅಳಿಯ ಆಗೋಗಿದೀರ. ಬೀಗರು ನೋಡ್ತಾವ್ರೆ, ಇಕ್ಕುಸ್ಕಳಿ,” ಎಂದು ಮಾವ ತಾವೇ ಒಂದು ಮುದ್ದೆ ಇಟ್ಟು ಮುಂದೆ ಹೋದರು.

ಮುಟ್ಟದಿದ್ದರಾಯಿತು ಎಂದುಕೊಂಡು ಮಾಂಸದ ಒಂದು ಸಣ್ಣ ಎಸಳನ್ನು ಬಿಡಿಸಿ ಅಗಿಯತೊಡಗಿದೆ. ಬಲಗಡೆ ಕೂತವರು ಹೆಣ್ಣಿನ ದೊಡ್ಡಪ್ಪ. ನಾನು ಪೇಪರಿನವನು ಎಂದು ತಿಳಿದದ್ದೇ ಅವರು ತಮ್ಮೂರಿನ ಚಿರತೆಯ ವಿಷಯ ತೆಗೆದರು.

“ಫಾರೆಸ್ಟ್‌ನೋರು ಬೋನು ಮಡಗವ್ರೆ. ಒಳಗೊಂದು ನಾಯಿ ಕಟ್ಟವ್ರೆ. ನಾಯಿ ದಪ್ಪ ಆಯ್ತಾ ಅದೆ, ಚಿರ್ತೆ ಮಾತ್ರ ಬೀಳಾಕಿಲ್ಲ.”

“ಚಿರತೆ ಆ ಕಡೆ ಬರೋದೇ ಇಲ್ವಾ?”

“ಬರಾದಿಲ್ವಾ? ಮೊನ್ನೆ ಒತಾರೆ ಕಬ್ಬಿನ ಗದ್ದೆಗೆ ಓದ್ರೆ, ಬೋನಿನ ಮ್ಯಾಲೆ ಕುಂತದೆ! ಒಳಗೆ ನಾಯಿ, ಮ್ಯಾಲೆ ಚಿರ್ತೆ. ಎರಡೂ ಬಿಸ್ಲು ಕಾಯಿಸ್ಕಂಡು ಕುಂತವೆ.”

ನನಗೆ ಸುದ್ದಿ ಸಿಕ್ಕಿತ್ತು. ಯಾವ ಊರು, ಯಾರ ಗದ್ದೆ, ಫೋಟೊ ಇದೆಯೇ, ಅರಣ್ಯ ಇಲಾಖೆಯವರು ಏನಂದರು ಎಂದು ಕೇಳುತ್ತ ಹೋದೆ. ಅವರು ಹೇಳುತ್ತ ಹೋದರು. ನನ್ನ ಬಲಗೈ ತನಗೆ ಚಿಕ್ಕಂದಿನಿಂದ ಗೊತ್ತಿದ್ದ ಕೆಲಸವನ್ನು ಮಾಡಿತು. ಮುರಿಯಿತು, ಅದ್ದಿತು, ಬಾಯಿಗಿಟ್ಟಿತು. ಗಂಟಲಿನಿಂದ ಇಳಿಯುವಾಗ ತಿಳಿಯಿತು. ಆ ಹೊತ್ತಿಗೆ ಅದು ಎರಡನೆಯದೋ ಮೂರನೆಯದೋ ಆಗಿತ್ತು.

ಮೊದಲು ಏನೂ ಆಗಲಿಲ್ಲ. ಆಮೇಲೆ ಎದೆಗೂಡಿನ ಕೆಳಗೆ ಯಾರೋ ಹೆಬ್ಬೆರಳು ಇಟ್ಟು ಒತ್ತಿದಂತಾಯಿತು. ಒತ್ತುವುದು ನಿಲ್ಲಲಿಲ್ಲ. ಬಾಯಿಯಲ್ಲಿ ನೀರೂರಿತು, ನುಂಗಲು ಹೋದರೆ ಕೆಳಗಿಳಿಯದೆ ನೊರೆಯಾಗಿ ಹಿಂದಕ್ಕೆ ಬಂತು. ಎದ್ದು ಪೆಂಡಾಲಿನ ಹಿಂದಕ್ಕೆ ಹೋಗಿ, ನೀರಿನ ಡ್ರಮ್ಮು ಹಿಡಿದು ಬಗ್ಗಿದೆ. ನೊರೆ ಬಿಟ್ಟು ಮತ್ತೇನೂ ಬರಲಿಲ್ಲ. ಹೆಂಡತಿ ಓಡಿ ಬಂದಳು.

“ಏನು ತಿಂದ್ರಿ?”

“ಮುದ್ದೆ.”

“ನುಂಗುಬುಟ್ರಾ?”

ತಲೆಯಾಡಿಸಿದೆ. ಅವಳು ಬೈಯಲಿಲ್ಲ, ಅದರಿಂದ ನನಗೆ ಇನ್ನೂ ಭಯವಾಯಿತು. ಯಾರೋ ನೀರು ತಂದರು. ಅವಳು ಲೋಟ ಕಿತ್ತುಕೊಂಡು ಚೆಲ್ಲಿ, ಆಸ್ಪತ್ರೆಗೆ ಫೋನು ಮಾಡಿದಳು. ಏನೂ ಕುಡಿಸಬೇಡಿ, ಕರೆತನ್ನಿ ಎಂದರು. ಮದುಮಗನ ಗೆಳೆಯನ ಕಾರು ಸಿಕ್ಕಿತು. ನಾವು ಹೊರಡುವಾಗ ಸಾಲಿನಲ್ಲಿ ಕೂತವರು ಎಲೆಯ ಮೇಲಿನ ಕೈ ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದರು.

ಮೈಸೂರಿನವರೆಗೆ ತೊಡೆಯ ಮೇಲೆ ಬಕೆಟ್ ಇಟ್ಟುಕೊಂಡು ಕೂತಿದ್ದೆ. ನೋವಿಗಿಂತ ಹೆಚ್ಚಾಗಿ ಕಾಡಿದ್ದು ಆ ಪಿನ್ನು ಹೊಡೆದ ಅಂಚು. ಒಳಗಿನಿಂದ ಒತ್ತಡ ಬಿದ್ದರೆ ಅದು ಬಿಚ್ಚಿಕೊಳ್ಳುತ್ತದೆಯೇ ಎಂದು ಇಷ್ಟು ದಿನದಲ್ಲಿ ಯಾರನ್ನೂ ಕೇಳಿರಲಿಲ್ಲ. ಶ್ರೀರಂಗಪಟ್ಟಣ ದಾಟುವಾಗ ಚಿನ್ನದ ಕೆಲಸದವರ ಮನೆಯ ಬೀದಿಯ ತಿರುವು ಕಂಡಿತು. ಹೆಂಡತಿ ದಾರಿಯುದ್ದಕ್ಕೂ ಮಾತಾಡುತ್ತಲೇ ಇದ್ದಳು. ಯಾರದೋ ಹಸು, ಯಾರದೋ ಕ್ಯಾನು. ಕಾರು ಓಡಿಸುತ್ತಿದ್ದವನು ಬೇರೆಯವನು ಎಂಬುದು ಅವಳಿಗೆ ಮರೆತಿತ್ತೋ ಏನೋ.

ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ಆಸ್ಪತ್ರೆಯಲ್ಲಿ ಕೊಳವೆ ಇಳಿಸಲು ಸಿದ್ಧತೆ ಮಾಡುವ ಹೊತ್ತಿಗೆ ತೆಗೆದು ನೋಡಿದೆ. ಕೆ.ಆರ್. ಪೇಟೆಯ ಸಹ ವರದಿಗಾರ, ಬೇರೆ ಪತ್ರಿಕೆಯವನು, ಹಳೆಯ ಗೆಳೆಯ.

“ಲೇ, ಬದುಕಿದಿಯೇನ್ಲಾ?”

“ಸದ್ಯಕ್ಕೆ.”

“ಬೀಗರೂಟ ತಿಂದು ಅಸ್ವಸ್ಥ ಅಂತ ವಾಟ್ಸಾಪಲ್ಲೆಲ್ಲ ಓಡಾಡ್ತಾ ಅದೆ. ನಿನ್ ಜೊತೆ ಇನ್ನೂ ನಾಕು ಜನ ವಾಂತಿ ಮಾಡ್ಕಂಡವ್ರಂತೆ. ನಮ್ ಆಫೀಸ್ನೋರು ಕಳ್ಸು ಕಳ್ಸು ಅಂತಾವ್ರೆ. ಏನ್ ಬರೀಲಿ?”

“ಆ ನಾಕು ಜನ ಯಾರು?”

“ಗೊತ್ತಿಲ್ಲ ಕಣ್ಲಾ.”

“ಯಾವ ಆಸ್ಪತ್ರೇಲವ್ರೆ?”

“ಗೊತ್ತಿಲ್ಲ ಅಂದ್ನಲ್ಲ. ಅಲ್ಲಿ ಹೆಣ್ಣಿನ ಕಡೇರು ಎಲೆ ಬುಟ್ಟು ಎದ್ದು ಬಸ್ಸಿನ ತಾವ ನಿಂತವ್ರಂತೆ. ನಿಮ್ಮಾವ ಒಂದು ಚೇರಲ್ಲಿ ಕುಂತ್ಬುಟ್ಟವ್ರಂತೆ, ಮಾತೇ ಇಲ್ವಂತೆ.”

ಒಂದು ವಾಕ್ಯ ಅಚ್ಚಾಗುವ ಮೊದಲು ಹೇಗೆ ಹುಟ್ಟುತ್ತದೆ ಎಂದು ನನಗೆ ಗೊತ್ತು. ‘ಬೀಗರೂಟ ಸೇವಿಸಿ ಹಲವರು ಅಸ್ವಸ್ಥ.’ ಅದರಲ್ಲೂ ಏಕೆ ಎಂಬುದು ಇರುವುದಿಲ್ಲ. ನಾನು ಮಾವನಿಗೆ ಫೋನು ಮಾಡಿದೆ. ಸ್ಪೀಕರಿಗೆ ಹಾಕಿ, ಬೀಗರನ್ನು ಹತ್ತಿರ ಕರೆಯಿರಿ ಎಂದೆ. ಬಾಯಲ್ಲಿ ನೊರೆ ಬರುತ್ತಿದ್ದುದರಿಂದ ತುಂಡು ತುಂಡಾಗಿ ಹೇಳಿದೆ. ಊಟದಲ್ಲಿ ಏನೂ ತಪ್ಪಿಲ್ಲ. ನನಗೆ ಹರ್ನಿಯಾ ಆಗಿರಲಿಲ್ಲ. ದಪ್ಪ ಇಳಿಸಲು ಹೊಟ್ಟೆಯ ಹೆಚ್ಚಿನ ಭಾಗ ಕತ್ತರಿಸಿ ತೆಗೆಸಿದ್ದೇನೆ. ಮುದ್ದೆ ನುಂಗಬಾರದಿತ್ತು, ಮಾತಿನ ಭರದಲ್ಲಿ ನುಂಗಿದೆ, ಸಿಕ್ಕಿಕೊಂಡಿದೆ. ಇಷ್ಟೇ ವಿಷಯ.

ಫೋನು ಕಟ್ಟಾಯಿತೇ ಎಂದು ನೋಡಿದೆ. ಆಮೇಲೆ ಹೆಣ್ಣಿನ ದೊಡ್ಡಪ್ಪನ ದನಿ ಕೇಳಿತು.

“ಅಂಗಾರೆ ಚಿರ್ತೆ ಇಸ್ಯ ಪೇಪರ್ನಲ್ಲಿ ಬರಾಕಿಲ್ವಾ?”

ಯಾರೋ ನಕ್ಕರು. ಇನ್ನಷ್ಟು ಜನ ನಕ್ಕರು. ಮಾವನ ದನಿ ಕೊನೆಗೆ ಬಂತು, ಸಣ್ಣದಾಗಿ: “ಮೊದ್ಲೇ ಒಂದ್ ಮಾತು ಅಂದಿದ್ರೆ ಒಂದು ಲೋಟ ಅಂಬ್ಲಿ ಮಡಗುಸ್ತಿದ್ನಲ್ಲ ಅಳಿಯಂದ್ರೆ.”

ಬಾಯಿಂದ ಕೊಳವೆ ಇಳಿಸಿ ನೋಡಿದರು. ಮುದ್ದೆ ಜಠರದ ಬಾಗಿದ ಜಾಗದಲ್ಲಿ, ಬಾಯಿಗಿಟ್ಟ ಆಕಾರದಲ್ಲೇ ಕೂತಿತ್ತಂತೆ. ಚೂರು ಮಾಡಿ ತೆಗೆಯಲು ತುಂಬ ಹೊತ್ತು ಹಿಡಿಯಿತು. ಕತ್ತರಿಸಿದ ಅಂಚು ಗಟ್ಟಿಯಾಗಿತ್ತು. ಇಷ್ಟು ತಿಂಗಳಾದ ಮೇಲೆ ಅದು ಬಿಚ್ಚಿಕೊಳ್ಳುವ ಭಯ ಬೇಡ ಎಂದರು. ನನಗೆ ಎಚ್ಚರವಾದ ಮೇಲೆ ಶಸ್ತ್ರವೈದ್ಯರು ಬಂದು ಮಂಚದ ಅಂಚಿನಲ್ಲಿ ಕೂತರು.

“ಒಂದು ಹಲ್ಲಿನ ಗುರುತೂ ಇಲ್ಲವಲ್ರೀ.”

“ಮುದ್ದೆ ಸಾರ್. ಅಭ್ಯಾಸ.”

“ಗೊತ್ತು. ನಾನೂ ಇದೇ ಕಡೆಯವನು. ಅಗಿದ್ರೆ ನಮ್ಮಪ್ಪ ಪಂಕ್ತಿಯಿಂದ ಎಬ್ಬಿಸೋರು. ಆದ್ರೆ ನೀವು ಅಗೀಬೇಕು. ಎಲ್ಲರ ಎದುರಿಗೆ, ನಗಿಸಿಕೊಂಡು ಅಗೀಬೇಕು. ಇಲ್ಲ ಅಂದ್ರೆ ಮುದ್ದೆ ತಂಟೆಗೇ ಹೋಗಬೇಡಿ” ಎಂದರು.

ಗೆಳೆಯ ಸುದ್ದಿ ಕಳಿಸಲಿಲ್ಲ. ಚಿರತೆಯ ಸುದ್ದಿಯನ್ನು ಅವನಿಗೇ ಕೊಟ್ಟೆ, ಬೋನಿನ ಫೋಟೊ ಸಮೇತ ಬಂತು. ನನ್ನ ಸುದ್ದಿ ಬಾಯಿಂದ ಬಾಯಿಗೆ ನಾಲ್ಕು ತಾಲ್ಲೂಕೂ ಸುತ್ತಿತು. ತಾಲ್ಲೂಕು ಕಚೇರಿಯಲ್ಲಿ ಒಬ್ಬರು ಬಾಗಿಲು ಹಾಕಿ, ತಮ್ಮ ಮಗಳಿಗೆ ಮಾಡಿಸಬಹುದೇ ಎಂದು ಕೇಳಿದರು. ಅವರಿಗೆ ನಾಗಮಂಗಲದ ಶಿಕ್ಷಕಿಯ ನಂಬರು ಕೊಟ್ಟೆ, ಮೊದಲು ಆ ಶಿಕ್ಷಕಿಯ ಒಪ್ಪಿಗೆ ಕೇಳಿಯೇ. ಅವ್ವ ಒಂದು ವಾರ ಬೀದಿಗೆ ಬರಲಿಲ್ಲ. ಆಮೇಲೆ ಬಂದಳು. ಆಡಿಕೊಂಡವರಿಗೆ ಏನೆಂದಳೋ ನನಗೆ ಗೊತ್ತಿಲ್ಲ.

ತಿಂಗಳೆರಡು ಕಳೆದ ಮೇಲೆ ಮಾವ ಹೊಸ ಜೋಡಿಯ ಜೊತೆ ನಮ್ಮನ್ನೂ ಊಟಕ್ಕೆ ಕರೆದರು. ನನ್ನ ಎಲೆಗೆ ನೆಲ್ಲಿಕಾಯಿ ಗಾತ್ರದ ಮುದ್ದೆ ಬಂತು, ಪಕ್ಕದಲ್ಲಿ ಒಂದು ಲೋಟ ಅಂಬಲಿ. ಚಿಟಿಕೆಯಷ್ಟು ಮುರಿದು, ಅದ್ದಿ, ಅಗಿದೆ. ಹಲ್ಲಿಗೆ ಮೆತ್ತಿತು. ಎದುರಿಗಿದ್ದ ಮಕ್ಕಳು ಒಬ್ಬರನ್ನೊಬ್ಬರು ತಿವಿದುಕೊಂಡು ನಕ್ಕರು. “ಬೆಂಗ್ಳೂರೋರಂಗೆ ಅಗೀತಾವ್ರೆ ನೋಡ್ರುಲಾ” ಎಂದು ಮಾವನೂ ಸೇರಿಕೊಂಡರು. ಅಗಿಯುವುದು ಮುಗಿಯುವವರೆಗೆ ಅವರು ಬಡಿಸುವವರನ್ನು ನನ್ನ ಹತ್ತಿರ ಬಿಡಲಿಲ್ಲ.

ಇಳಿಹೊತ್ತಿನಲ್ಲಿ ಬೈಕಿನಲ್ಲಿ ಹೊರಟೆವು. ಹೆಂಡತಿ ಡೇರಿಯ ವಿಷಯ ಶುರು ಮಾಡಿದಳು. ಯಾರೋ ಸಂಜೆಯ ಹಾಲಿಗೆ ಬೆಳಗಿನ ಹಾಲು ಬೆರೆಸಿದ್ದರು, ಒಡೆದಿತ್ತು, ಜಗಳವಾಗಿತ್ತು. ನಾಲೆಯ ಏರಿ ಹತ್ತಿದೆವು. ನೀರು ತುಂಬಿತ್ತು. ನಾನು ಕಣ್ಣು ಅಗಲಿಸಿ ಹಿಡಿದೆ. ಜಗಳ ಎಲ್ಲಿಗೆ ಬಂತೆಂದರೆ, ಹಾಲು ಹಾಕಿದವನು ಕ್ಯಾನನ್ನು ಡೇರಿಯ ಮೆಟ್ಟಿಲ ಮೇಲೆ ಸುರಿಯಲು ಎತ್ತಿ ಹಿಡಿದಿದ್ದ. ಅಲ್ಲಿಗೆ ಮಾತು ನಿಂತಿತು.

“ಕೇಳುಸ್ಕಂತಾ ಇದೀನಿ, ಹೇಳು. ಸುರಿದನಾ?” ಎಂದೆ.

ನನ್ನ ಬೆನ್ನಿಗೆ ಏನೋ ಭಾರವಾಗಿ ಒರಗಿತು. ಕನ್ನಡಿಯನ್ನು ಸ್ವಲ್ಪ ತಿರುಗಿಸಿ ನೋಡಿದೆ. ಅವಳ ಕೆನ್ನೆ ನನ್ನ ಬೆನ್ನಿಗಿತ್ತು, ಬಾಯಿ ಸ್ವಲ್ಪ ತೆರೆದಿತ್ತು. ನಿದ್ದೆ ಬಂದಿತ್ತು.

ಹಿಂದೆ ಕೂತವರು ನಿದ್ದೆ ಹೋದರೆ ಬೀಳುತ್ತಾರೆ. ಅಂಥ ಸುದ್ದಿಯನ್ನೂ ಬರೆದಿದ್ದೇನೆ. ಎಡಗೈಯನ್ನು ಹಿಂದಕ್ಕೆ ಚಾಚಿ ಅವಳ ಮಣಿಕಟ್ಟು ಹಿಡಿದು, ನಿಧಾನ ಮಾಡುತ್ತ ಹೋಗಿ, ನ್ಯೂಟ್ರಲ್ ಮಾಡಿ, ಏರಿಯಂಚಿನ ಒಂದು ಕಲ್ಲಿನ ಪಕ್ಕ ಎರಡೂ ಕಾಲು ಊರಿ ನಿಂತೆ. ಇಂಜಿನ್ ಆರಿಸಲಿಲ್ಲ. ಸದ್ದು ನಿಂತರೆ ಅವಳಿಗೆ ಎಚ್ಚರವಾಗುತ್ತದೆ.